ವೇಳಾಪಟ್ಟಿಯಲ್ಲಿ ಚಿತ್ರಕಲೆ, ತರಗತಿಯಲ್ಲಿ ಗಣಿತ

ನಮ್ಮ ಬಹುತೇಕ ಪ್ರೌಢಶಾಲೆಗಳ ವೇಳಾಪಟ್ಟಿಯಲ್ಲಿ ಚಿತ್ರಕಲೆ, ಸಂಗೀತ, ಕಾರ್ಯಾನುಭವ, ದೈಹಿಕ ಶಿಕ್ಷಣ ಎಂಬ ಹೆಸರುಗಳು ಈಗಲೂ ಇವೆ. ಜೂನ್, ಜುಲೈ ತಿಂಗಳಲ್ಲಿ ಆ ಅವಧಿಗಳು ಅಷ್ಟಿಷ್ಟು ನಡೆಯುವುದೂ ಉಂಟು. ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆಯುವ ಹೊತ್ತಿಗೆ, ಮುಖ್ಯವಾಗಿ ಹತ್ತನೆಯ ತರಗತಿಯಲ್ಲಿ, ಅವು ಒಂದೊಂದಾಗಿ ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಹೋಗುತ್ತವೆ. ಡಿಸೆಂಬರ್ ಕಳೆದರೆ ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತವೆ. ಇದಕ್ಕೆಲ್ಲ ಮುಖ್ಯ ಶಿಕ್ಷಕರ ಅರಸಿಕತೆಯೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಫಲಿತಾಂಶ ಶೇಕಡಾ ಎಷ್ಟು ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕೇಳುತ್ತಾರೆ, ಜಿಲ್ಲೆಯ ಉಪನಿರ್ದೇಶಕರು (ಡಿಡಿಪಿಐ) ಕೇಳುತ್ತಾರೆ, ಊರಿನವರೂ ಕೇಳುತ್ತಾರೆ; ಈ ವರ್ಷ ನಿಮ್ಮ ಶಾಲೆಯ ಎಷ್ಟು ಮಕ್ಕಳು ನಾಟಕ ಆಡಿದರು, ಎಷ್ಟು ಮಕ್ಕಳು ಒಂದು ಮಡಿ ಮಾಡಿ ಸೊಪ್ಪು ಬೆಳೆದರು ಎಂದು ಯಾರೂ ಕೇಳುವುದಿಲ್ಲ.

ಪಠ್ಯ, ಕಲೆ, ಕೈಕೆಲಸ ಮೂರೂ ಬೆರೆತ ಪ್ರೌಢ ಶಿಕ್ಷಣ ಬೇಕು ಎಂಬ ಮಾತನ್ನು ತಾತ್ವಿಕವಾಗಿ ವಿರೋಧಿಸುವವರು ಈಗ ಸಿಗುವುದು ಕಷ್ಟ. ಆಯೋಗಗಳು ಅದನ್ನೇ ಹೇಳಿವೆ, ನೀತಿಗಳು ಅದನ್ನೇ ಹೇಳಿವೆ, ರಾಜಕೀಯವಾಗಿ ಪರಸ್ಪರ ಒಪ್ಪದವರೂ ಈ ವಿಷಯದಲ್ಲಿ ಒಪ್ಪುತ್ತಾರೆ. ಹಾಗಿದ್ದರೂ ಅದು ಶಾಲೆಯ ಒಳಗೆ ನೆಲೆಯೂರುತ್ತಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ನೀತಿಗಳ ಪೀಠಿಕೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವಧಿಯ ಹಂಚಿಕೆಯಲ್ಲಿ, ಶಿಕ್ಷಕರ ಹುದ್ದೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಎಸ್ಸೆಸ್ಸೆಲ್ಸಿಯ ಅಂಕದ ಲೆಕ್ಕದಲ್ಲಿ ಹುಡುಕಬೇಕು.

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಚಿತ್ರಕಲೆಗೆ, ಸಂಗೀತಕ್ಕೆ, ಕಾರ್ಯಾನುಭವಕ್ಕೆ ಶಾಲೆ ಕೊಡುವುದು ಶ್ರೇಣಿ ಮಾತ್ರ. ಅದು ಈ 625ರ ಲೆಕ್ಕಕ್ಕೆ ಸೇರುವುದಿಲ್ಲ, ಪಿಯುಸಿ ಪ್ರವೇಶದ ಹೊತ್ತಿನಲ್ಲಿ ಅದನ್ನು ಯಾರೂ ನೋಡುವುದೂ ಇಲ್ಲ. ಕಲೆಯ ಮಾತು ಹಾಗಿರಲಿ, ವಿಜ್ಞಾನದ ಸ್ಥಿತಿಯನ್ನೇ ನೋಡಬಹುದು. ಅದರ 100ರಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪಿಯುಸಿಯಲ್ಲಿರುವಂತಹ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇಲ್ಲ. ಹೀಗಾಗಿ ಒಮ್ಮೆಯೂ ಲಿಟ್ಮಸ್ ಕಾಗದ ಮುಟ್ಟದ ವಿದ್ಯಾರ್ಥಿ, ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ ಎಂದು ಬರೆದು ಪೂರ್ಣ ಅಂಕ ಪಡೆಯಲು ಯಾವ ಅಡ್ಡಿಯೂ ಇಲ್ಲ. ಕೈಯಿಂದ ಮಾಡಿ ಕಲಿಯುವುದು ವಿಜ್ಞಾನದಂತಹ ವಿಷಯದಲ್ಲೇ ಐಚ್ಛಿಕವಾಗಿರುವಾಗ ಮರಗೆಲಸಕ್ಕೂ ಮದ್ದಳೆಗೂ ಜಾಗ ಸಿಗಲಿಲ್ಲವೆಂದು ಅಚ್ಚರಿಪಡಬೇಕಾಗಿಲ್ಲ.

2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ನಕಲು ತಡೆದದ್ದು ಸರಿಯಾದ ಕೆಲಸವೇ. ಆದರೆ ಅದರ ಬೆನ್ನಲ್ಲೇ ಬಂದ ಒತ್ತಡವನ್ನು ಶಾಲೆಗಳು ತಮಗೆ ಗೊತ್ತಿರುವ ಒಂದೇ ಬಗೆಯಲ್ಲಿ ನಿಭಾಯಿಸಿದವು: ಇನ್ನಷ್ಟು ಪುನರಾವರ್ತನೆ, ಇನ್ನಷ್ಟು ಹಳೆಯ ಪ್ರಶ್ನೆಪತ್ರಿಕೆ. ಓದಲು ಬರೆಯಲು ತಡವರಿಸುವ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ಅದೇ ಪುಸ್ತಕದ ಮುಂದೆ ಕೂರಿಸಿದರೆ ಅದು ಓದಲು ಕಲಿಯುತ್ತದೆ ಎಂಬ ನಂಬಿಕೆಗೆ ಆಧಾರವೇನು ಎಂದು ಕೇಳುವ ವ್ಯವಧಾನ ವ್ಯವಸ್ಥೆಗೆ ಇರಲಿಲ್ಲ.

ಈ ಸೋಲು ಹೊಸದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ‘ನಯೀ ತಾಲೀಮ್’ ಕಲ್ಪನೆಯನ್ನು ಮುಂದಿಟ್ಟರು. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ನೂಲುವುದು, ನೇಯುವುದು, ಬೇಸಾಯ ಮಾಡುವುದು ಪಾಠದ ನಡುವಿನ ವಿರಾಮವಾಗಿರದೆ, ಅದೇ ಕೆಲಸದ ಮೂಲಕ ಲೆಕ್ಕ, ಭೂಗೋಳ, ಇತಿಹಾಸ ಕಲಿಯಬೇಕು ಎಂಬುದು ಅದರ ತಿರುಳು. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ವನ್ನು ಎಲ್ಲ ಹಂತದಲ್ಲೂ ಶಿಕ್ಷಣದ ಅವಿಭಾಜ್ಯ ಭಾಗ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. ಎಸ್‌ಯುಪಿಡಬ್ಲ್ಯು ಎಂಬ ಅಕ್ಷರಗಳಲ್ಲಿ ಉಳಿದ ಆ ವಿಷಯ, ಅನೇಕ ಶಾಲೆಗಳಲ್ಲಿ ಅಂಗಡಿಯಿಂದ ತಂದ ಕರಕುಶಲ ವಸ್ತುವಿನ ಮೇಲೆ ಹೆಸರು ಬರೆದು ಒಪ್ಪಿಸುವಲ್ಲಿಗೆ ಮುಗಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟನ್ನು 1990ರೊಳಗೆ, ಶೇ 25ರಷ್ಟನ್ನು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ತರುವ ಗುರಿ ಹಾಕಿತ್ತು, ಅದು ಈಡೇರಲಿಲ್ಲ. ಕರ್ನಾಟಕದ ಪಿಯು ಹಂತದ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ಕೆಲವು ದಶಕ ನಡೆದು ಮುಚ್ಚಿಹೋದವು.

ಈಗಿನ ಚೌಕಟ್ಟುಗಳು ಹಿಂದಿನವುಗಳಿಗಿಂತ ವಿವರವಾಗಿವೆ ಎಂಬುದನ್ನು ಒಪ್ಪಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಸಹಪಠ್ಯ, ಪಠ್ಯೇತರ ಎಂಬ ಗೋಡೆಗಳನ್ನು ಕೆಡವಬೇಕೆಂದಿತು. 6ರಿಂದ 8ನೆಯ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯುವ ಅವಕಾಶ ಸೂಚಿಸಿತು. 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಮುಂದೆ ಹೋಗಿ, 9 ಮತ್ತು 10ನೆಯ ತರಗತಿಯಲ್ಲಿ ಕಲಾ ಶಿಕ್ಷಣ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣ ಮೂರನ್ನೂ ಗಣಿತ, ವಿಜ್ಞಾನಗಳ ಸಾಲಿನಲ್ಲೇ ವಿಷಯಗಳಾಗಿ ಇರಿಸಿತು. ವೃತ್ತಿ ಶಿಕ್ಷಣವನ್ನು ಅದು ಜೀವಿಗಳೊಡನೆ ಮಾಡುವ ಕೆಲಸ, ಯಂತ್ರ ಮತ್ತು ವಸ್ತುಗಳೊಡನೆ ಮಾಡುವ ಕೆಲಸ, ಮನುಷ್ಯರ ಸೇವೆಯ ಕೆಲಸ ಎಂದು ವಿಂಗಡಿಸಿದ ರೀತಿ ನನಗೆ ಬಹಳ ಸರಿಯಾಗಿ ಕಾಣುತ್ತದೆ. ಹಸುವಿನ ಆರೈಕೆ, ಪಂಪ್‌ಸೆಟ್ ದುರಸ್ತಿ, ವೃದ್ಧರ ಶುಶ್ರೂಷೆ ಮೂರೂ ಒಂದೇ ಗೌರವದ ಸಾಲಿನಲ್ಲಿ ನಿಲ್ಲುತ್ತವೆ. ಕರ್ನಾಟಕ 2020ರ ನೀತಿಯನ್ನು ಒಪ್ಪದೆ, ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಅದರ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿದೆ. ಯಾವ ನೀತಿ ಗೆದ್ದರೂ ಶಾಲೆಯ ಮಟ್ಟದ ಪ್ರಶ್ನೆ ಅದೇ ಉಳಿಯುತ್ತದೆ.

ಬೆರೆಸಿ ಕಲಿಸುವುದು ಎಂದರೇನು ಎಂಬುದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ನೋಡಬೇಕು. ಇಲ್ಲದಿದ್ದರೆ ಆ ಪದ ಭಾಷಣದ ಪದವಾಗಿಯೇ ಉಳಿದೀತು. ಧಾರವಾಡ ಸೀಮೆಯ ಕಸೂತಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಮುಂಬದಿಯಲ್ಲಿ ಮೂಡುತ್ತದೆ, ಬಿಟ್ಟ ಗೆರೆಗಳು ಹಿಂಬದಿಯಲ್ಲಿ ಬಿದ್ದಿರುತ್ತವೆ. ಮರಳಿ ಬರುವಾಗ ಆ ಖಾಲಿ ಜಾಗಗಳು ತುಂಬಿಕೊಂಡು, ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಚಿತ್ತಾರ ನಿಲ್ಲುತ್ತದೆ. ಗಂಟು ಕಾಣುವಂತಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಗೋಪುರದ ಚಿತ್ತಾರ ಕೊಟ್ಟು, ಮೊದಲು ಚೌಕುಳಿ ಹಾಳೆಯ ಮೇಲೆ ಇಳಿಸಿಕೊಳ್ಳಲು ಹೇಳಿದರೆ ಸಮಮಿತಿಯೂ ನಿರ್ದೇಶಾಂಕಗಳೂ ಅಲ್ಲೇ ಬಂದವು. ಗೋಪುರದ ಕವಲುಗಳಲ್ಲಿ ಯಾವುದನ್ನು ಮೊದಲು ಹೊಕ್ಕು ಬರಬೇಕು, ಎಲ್ಲಿ ತಪ್ಪಿದರೆ ಹಿಂಬದಿಯ ಚಿತ್ರ ಕೆಡುತ್ತದೆ ಎಂಬುದನ್ನು ಸೂಜಿ ಹಿಡಿದ ಮಗು ಹತ್ತು ನಿಮಿಷದಲ್ಲಿ ಎದುರಿಸುತ್ತದೆ. ಪ್ರತಿ ಗೆರೆಯನ್ನೂ ಸರಿಯಾಗಿ ಎರಡು ಬಾರಿ ಹಾಯ್ದು ಹೊರಟಲ್ಲಿಗೇ ಮರಳುವುದು, ತುಂಡುತುಂಡಾಗಿರದ ಯಾವ ಚಿತ್ತಾರದಲ್ಲೂ ಸಾಧ್ಯ. ಏಕೆ ಸಾಧ್ಯ ಎಂದು ಗಣಿತದ ಶಿಕ್ಷಕರು ಕೇಳಿದರೆ ಮಕ್ಕಳು ನಿಂತಿರುವುದು, 1736ರಲ್ಲಿ ಗಣಿತಜ್ಞ ಆಯ್ಲರ್, ಪ್ರತಿ ಸೇತುವೆಯನ್ನೂ ಒಂದೇ ಬಾರಿ ದಾಟಿ ಬರಬಹುದೇ ಎಂದು ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಬಗ್ಗೆ ಯೋಚಿಸಿದ ಜಾಗದಲ್ಲೇ. ಅದೇ ಬಟ್ಟೆಯನ್ನು ಹಿಡಿದು ಹತ್ತಿಯ ಬಗ್ಗೆ, ಇಳಕಲ್ ಸೀರೆಯ ಬಗ್ಗೆ, ಕಸೂತಿ ಹಾಕುವ ಹೆಂಗಸಿಗೆ ಒಂದು ಸೀರೆಗೆ ಸಿಗುವ ಕೂಲಿಯ ಬಗ್ಗೆ ಸಮಾಜ ವಿಜ್ಞಾನದ ಪಾಠ ನಡೆಯಬಹುದು. ಆಕೆಯನ್ನು ಮಾತಾಡಿಸಿ ಬರೆದ ಎರಡು ಪುಟ ಕನ್ನಡದ ಪ್ರಬಂಧವಾಗಬಹುದು.

ಇಂತಹ ಪಾಠದಲ್ಲಿ ಗಣಿತ ತೆಳುವಾಗುವುದಿಲ್ಲ. ಬದಲಾಗಿ, ಗಣಿತ ಎಲ್ಲಿಂದ ಹುಟ್ಟುತ್ತದೆ ಎಂದು ಮಗುವಿಗೆ ತಿಳಿಯುತ್ತದೆ. ಪೋಷಕರು ಮತ್ತು ಶಿಕ್ಷಕರು ಸಾಮಾನ್ಯವಾಗಿ ಎತ್ತುವ ‘ಸಮಯ ಎಲ್ಲಿದೆ’ ಎಂಬ ಆಕ್ಷೇಪ ನಿಜವಾದದ್ದೇ, ಆದರೆ ಕಲೆ ಒಂದು ಕಡೆ, ಪಾಠ ಒಂದು ಕಡೆ ಎಂದು ಎರಡನ್ನೂ ಬೇರೆಬೇರೆ ಇಟ್ಟಾಗ ಅದರ ಬಲ ಹೆಚ್ಚು. ಹಾಗೆಂದು ಕಲೆಯನ್ನು ಗಣಿತದ ಸಾಧನವಾಗಿ ಮಾತ್ರ ಬಳಸುವುದನ್ನೂ ಒಪ್ಪಲಾಗದು. ಹಾಡುವುದು ಹಾಡಲು ಬರಲಿ ಎಂದೇ ಕಲಿಯಬೇಕಾದದ್ದು. ಯೋಜನೆಯ ಹೆಸರಿನಲ್ಲಿ ಚಾರ್ಟಿನ ಮೇಲೆ ರಾಜಸ್ಥಾನದ ನೃತ್ಯದ ಚಿತ್ರ ಅಂಟಿಸಿದ ಮಗು ನೃತ್ಯವನ್ನೂ ಕಲಿತಿಲ್ಲ, ರಾಜಸ್ಥಾನವನ್ನೂ ಕಲಿತಿಲ್ಲ.

ಆದರೆ ಕಸೂತಿ ಕಲಿಸುವವರು ಯಾರು? ಹಿಂದೆ ಹೊಲಿಗೆ ಶಿಕ್ಷಕಿ, ಕ್ರಾಫ್ಟ್ ಮಾಸ್ತರು, ಡ್ರಾಯಿಂಗ್ ಮಾಸ್ತರು, ಸಂಗೀತದ ಟೀಚರು ಎಂದು ಪ್ರೌಢಶಾಲೆಗಳಲ್ಲಿ ಇರುತ್ತಿದ್ದರು. ಅವರು ನಿವೃತ್ತರಾದ ಮೇಲೆ ಅನೇಕ ಕಡೆ ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವಾಗಲೂ ಮೊದಲ ಗಮನ ಪರೀಕ್ಷೆಯ ವಿಷಯಗಳ ಕಡೆಗೇ ಹೋಗುತ್ತದೆ. ರಂಗ ತರಬೇತಿ ಪಡೆದವರನ್ನು ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರಾಗಿ ನೇಮಿಸಿದ್ದು ಕರ್ನಾಟಕ ಇಟ್ಟ ಒಳ್ಳೆಯ ಹೆಜ್ಜೆ; ಆ ಹೆಜ್ಜೆ ಅಲ್ಲೇ ನಿಂತಿತು. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದ ಮಕ್ಕಳ ರಂಗಶಿಬಿರ ಚಿನ್ನರ ಮೇಳ ಇರುವ ನಾಡಿನಲ್ಲಿ ಕಲಿಸಬಲ್ಲವರ ಬರವಿದೆ ಎಂದು ಹೇಳಿದರೆ ನಂಬುವುದು ಕಷ್ಟ. ಬರ ಇರುವುದು ಮಂಜೂರಾದ ಹುದ್ದೆಗೆ, ಮತ್ತು ಬಿ.ಇಡಿ. ಇಲ್ಲದ ಒಬ್ಬ ನೇಕಾರನನ್ನು, ಒಬ್ಬ ಭಾಗವತರನ್ನು ಶಾಲೆಗೆ ಕರೆದು ಗೌರವಯುತ ಸಂಭಾವನೆ ಕೊಡಲು ಅವಕಾಶ ನೀಡುವ ನಿಯಮಕ್ಕೆ.

ಕೈಕೆಲಸದ ಬಗ್ಗೆ ಮಾತಾಡುವಾಗ ಜಾತಿಯ ಪ್ರಶ್ನೆಯನ್ನು ಬದಿಗಿಟ್ಟರೆ ಇಡೀ ಚರ್ಚೆ ಪೊಳ್ಳಾಗುತ್ತದೆ. 1953ರಲ್ಲಿ ರಾಜಾಜಿಯವರ ಸರ್ಕಾರ, ಆಗ ದಕ್ಷಿಣ ಕನ್ನಡವೂ ಸೇರಿದ್ದ ಮದ್ರಾಸ್ ರಾಜ್ಯದ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಅವಧಿಯನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ತಂದೆತಾಯಿಯ ಕಸುಬನ್ನು ಕಲಿಯಲಿ ಎಂಬ ಯೋಜನೆ ತಂದಿತು. ಅದನ್ನು ಪೆರಿಯಾರ್ ಮತ್ತು ಡಿಎಂಕೆ ‘ಕುಲಕಲ್ವಿ’, ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಕರೆದು ವಿರೋಧಿಸಿದರು. 1954ರಲ್ಲಿ ಕಾಮರಾಜ್ ಅಧಿಕಾರಕ್ಕೆ ಬಂದು ಅದನ್ನು ಕೈಬಿಟ್ಟರು. ಆ ವಿರೋಧ ಸರಿಯಾಗಿಯೇ ಇತ್ತು. ಚಮ್ಮಾರನ ಮಗ ಚಪ್ಪಲಿ ಹೊಲಿಯುವುದನ್ನೂ ವಕೀಲರ ಮಗ ಭಾಷಣವನ್ನೂ ಕಲಿಯುವ ಪಠ್ಯಕ್ರಮ ಸಮಗ್ರ ಶಿಕ್ಷಣವಲ್ಲ, ಹಳೆಯ ಅನ್ಯಾಯಕ್ಕೆ ಸರ್ಕಾರಿ ಮುದ್ರೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಪ್ರಕರಣ ಹೊರಬಂದಾಗ, ‘ಮಕ್ಕಳು ದುಡಿಮೆ ಕಲಿಯಲಿ’ ಎಂಬ ಮಾತು ಕೆಲವು ಮಕ್ಕಳ ಪಾಲಿಗೆ ಏನಾಗಬಲ್ಲದು ಎಂಬುದನ್ನು ಎಲ್ಲರೂ ಕಂಡರು. ಹೊಲದಲ್ಲಿ ದುಡಿದು ದಣಿದ ತಾಯಿ, ಮಗಳನ್ನು ಶಾಲೆಗೆ ಕಳಿಸಿದ್ದು ಮಣ್ಣು ಹೊರಲಿಕ್ಕೋ ಎಂದು ಕೇಳಿದರೆ ಅದರಲ್ಲಿ ಅಜ್ಞಾನವೇನೂ ಇಲ್ಲ.

ಈ ಪ್ರಶ್ನೆಗೆ ನಾನು ಕಾಣುವ ಉತ್ತರ ಒಂದೇ: ಕೈಕೆಲಸ ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕು, ಮತ್ತು ಕೆಲಸಗಳು ಮನೆತನವನ್ನೂ ಲಿಂಗವನ್ನೂ ದಾಟಿ ಹಂಚಿಕೆಯಾಗಬೇಕು. ಹುಡುಗ ಕಸೂತಿ ಹಾಕಲಿ, ಹುಡುಗಿ ವೈರಿಂಗ್ ಮಾಡಲಿ, ಬೆಂಗಳೂರಿನ ಜಯನಗರದ ಮಗು ಗೊಬ್ಬರದ ಗುಂಡಿ ತುಂಬಲಿ. ಈಗಿನ ವ್ಯವಸ್ಥೆ ಹಾಗಿಲ್ಲ. ಎನ್‌ಎಸ್‌ಕ್ಯೂಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿಯಲ್ಲಿ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಐಟಿ, ರೀಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂತಹ ವಿಷಯಗಳನ್ನು ಕಲಿಸುತ್ತಾರೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಅವುಗಳ ಪರೀಕ್ಷೆ ತೃತೀಯ ಭಾಷೆಯ ದಿನ ನಡೆಯುತ್ತದೆ. ಈ ವಿಷಯಗಳ ಹೆಸರುಗಳೇ ಮಕ್ಕಳನ್ನು ಗಂಡು, ಹೆಣ್ಣು ಎಂದು ಬೇರ್ಪಡಿಸಿಬಿಡುವ ಅಪಾಯವಿದೆ. ಸಿಬಿಎಸ್‌ಇಯಲ್ಲಿ ಇನ್ನೊಂದು ಬಗೆ: ಆರನೆಯ ವಿಷಯವಾಗಿ ಕೌಶಲ ವಿಷಯ ತೆಗೆದುಕೊಂಡವರು ಗಣಿತ, ವಿಜ್ಞಾನ, ಸಮಾಜ ವಿಜ್ಞಾನದಲ್ಲಿ ಒಂದರಲ್ಲಿ ಅನುತ್ತೀರ್ಣರಾದರೆ ಅದರ ಜಾಗಕ್ಕೆ ಕೌಶಲ ವಿಷಯದ ಅಂಕ ಬರುತ್ತದೆ. ಮಗುವಿಗೆ ಅನುಕೂಲವಾದ ನಿಯಮವೇ. ಆದರೆ ಕೈಯ ಕೆಲಸ ಬುದ್ಧಿಯ ಕೆಲಸದಲ್ಲಿ ಸೋತವರ ಆಸರೆ ಎಂಬ ಹಳೆಯ ಭಾವನೆಗೆ ಅದೂ ನೀರೆರೆಯುತ್ತದೆ. ಅತ್ತ ದುಬಾರಿ ಐಬಿ (ಇಂಟರ್ನ್ಯಾಷನಲ್ ಬ್ಯಾಕಲೋರಿಯೆಟ್) ಶಾಲೆಗಳಲ್ಲಿ ಡಿಪ್ಲೊಮಾ ಪಡೆಯಬೇಕಾದರೆ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಭಾಗವನ್ನು ಎಲ್ಲರೂ ಪೂರೈಸಲೇಬೇಕು. ಅಲ್ಲಿ ಅದು ವ್ಯಕ್ತಿತ್ವದ ಭಾಗ.

ಕೇರಳದ ಅನುಭವ ನಮಗೆ ಹತ್ತಿರದ್ದು, ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಅದರೊಳಗೇ ಬೆಳೆದವರು. 1957ರಿಂದ ನಡೆದುಬಂದಿರುವ ರಾಜ್ಯ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧಾ ವಿಭಾಗ. ರಾಜ್ಯ ಮಟ್ಟದಲ್ಲಿ ಎ ಗ್ರೇಡ್ ಪಡೆದವರಿಗೆ ಪರೀಕ್ಷೆಯಲ್ಲಿ ಗ್ರೇಸ್ ಅಂಕ ಸಿಗುತ್ತದೆ. ಕಲೆಗೆ ಅಂಕದ ಬೆಲೆ ಕೊಟ್ಟಾಗ ಶಾಲೆಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಅದೇ ಅಂಕದ ಆಸೆ ವೇಷಭೂಷಣದ ಖರ್ಚನ್ನೂ ತೀರ್ಪಿನ ವಿರುದ್ಧದ ಮೇಲ್ಮನವಿಗಳನ್ನೂ ಬೆಳೆಸಿದೆ ಎಂಬುದೂ ನಿಜ. ನಮ್ಮ ರಾಜ್ಯದ ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯ ಮಿತಿ ಇದಕ್ಕಿಂತ ಸರಳ: ಅದು ಸ್ಪರ್ಧೆ. ಚೆನ್ನಾಗಿ ಹಾಡುವ ಮಗು ವೇದಿಕೆ ಹತ್ತುತ್ತದೆ, ಹಾಡಲು ಬಾರದ ಮಗು ಚಪ್ಪಾಳೆ ತಟ್ಟುತ್ತದೆ. ಕಲಿಯಬೇಕಾಗಿದ್ದದ್ದು ಆ ಎರಡನೆಯ ಮಗು.

ಫಿನ್ಲೆಂಡಿನ ಹೆಸರು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1866ರಲ್ಲೇ ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಗಂಡುಮಕ್ಕಳಿಗೆ ಕೈಕೆಲಸ ಕಡ್ಡಾಯವಾಯಿತು. ಇಂದು ಹುಡುಗ ಹುಡುಗಿಯರಿಬ್ಬರೂ ಹೊಲಿಗೆಯನ್ನೂ ಮರಗೆಲಸವನ್ನೂ ಕಲಿಯುತ್ತಾರೆ, ಏಳನೆಯ ತರಗತಿಯಲ್ಲಿ ಅಡುಗೆ ಮತ್ತು ಮನೆವಾರ್ತೆ ಎಲ್ಲರಿಗೂ ಇದೆ. ಆದರೆ ಅಲ್ಲಿ ಒಂಬತ್ತು ವರ್ಷದ ಮೂಲ ಶಾಲೆ ಮುಗಿಯುವವರೆಗೆ ದೇಶವ್ಯಾಪಿ ಸಾರ್ವಜನಿಕ ಪರೀಕ್ಷೆಯೇ ಇಲ್ಲ ಎಂಬುದನ್ನು ಮರೆತು ಬರೀ ಮರಗೆಲಸದ ಕೊಠಡಿಯನ್ನು ತಂದಿಟ್ಟರೆ ಅದರಿಂದ ಉಪಯೋಗವಿಲ್ಲ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ನೀತಿ ಆಯೋಗ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಕೊಟ್ಟಿದೆ. ಉಪಕರಣ ಬಂದ ಕಡೆಗಳಲ್ಲೂ ಅದನ್ನು ತೆರೆದಿಡುವ ಅವಧಿ ಮತ್ತು ಬಿಡುವುಳ್ಳ ಶಿಕ್ಷಕರು ಇದ್ದರಷ್ಟೇ ಆ ಕೊಠಡಿಗೆ ಜೀವ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿಯನ್ನು ತೆಗೆದುಹಾಕುವ ಸ್ಥಿತಿ ಸದ್ಯಕ್ಕಿಲ್ಲ. ಬಡ ಮನೆಯ ಮಗುವಿಗೆ ಅದೇ ಇವತ್ತಿಗೂ ನಂಬಬಹುದಾದ ರಹದಾರಿ. ಆದ್ದರಿಂದ ಕಲೆ ಮತ್ತು ಕೈಕೆಲಸಕ್ಕೆ ಆ ಲೆಕ್ಕದ ಒಳಗೇ ಒಂದಿಷ್ಟು ಜಾಗ ಕೊಡಬೇಕು, ಆದರೆ ಲಿಖಿತ ಪ್ರಶ್ನೆಪತ್ರಿಕೆಯ ಮೂಲಕ ಕೊಡಬಾರದು. ‘ಕಸೂತಿಯ ನಾಲ್ಕು ವಿಧಗಳನ್ನು ಹೆಸರಿಸಿ’ ಎಂಬ ಎರಡು ಅಂಕದ ಪ್ರಶ್ನೆ ಬಂದ ದಿನ ಅದಕ್ಕೂ ಗೈಡು ಬರುತ್ತದೆ. ಮಗು ವರ್ಷವಿಡೀ ಮಾಡಿದ ಒಂದು ಕೆಲಸ, ಅದರ ದಿನಚರಿ, ತಪ್ಪಿದ್ದೆಲ್ಲಿ ಮತ್ತು ತಿದ್ದಿದ್ದು ಹೇಗೆ ಎಂದು ಎದುರು ಕುಳಿತು ಹತ್ತು ನಿಮಿಷ ವಿವರಿಸುವುದು, ಇಷ್ಟನ್ನು ಪಕ್ಕದ ಶಾಲೆಯ ಶಿಕ್ಷಕರೊಬ್ಬರು ಬಂದು ನೋಡಿ ಅಂಕ ಕೊಡುವಂತಾಗಬೇಕು. ಪಿಯುಸಿ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರನ್ನು ಕಳಿಸುವ ರಾಜ್ಯಕ್ಕೆ ಇದು ಅಪರಿಚಿತ ವ್ಯವಸ್ಥೆಯೇನಲ್ಲ. ಆಂತರಿಕ ಅಂಕಗಳನ್ನು ಎಲ್ಲರಿಗೂ ಪೂರ್ಣವಾಗಿ ಹಾಕಿಬಿಡುವ ಈಗಿನ ಪರಿಪಾಠ ಇಲ್ಲಿಗೂ ಹರಡದಂತೆ ನೋಡಿಕೊಳ್ಳುವುದು ಕಷ್ಟ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆ ಕಷ್ಟವನ್ನು ಎದುರಿಸದೆ ಬೇರೆ ದಾರಿ ಕಾಣುವುದಿಲ್ಲ.

ಥೋರಟ್ ಆಯೋಗ ಶಾಲೆಗಳಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ಆ ಶಿಫಾರಸಿನ ಸುತ್ತ ಇದುವರೆಗೆ ನಡೆದ ವಾಗ್ವಾದವೆಲ್ಲ ಹಿಂದಿ ಬೇಕೋ ಬೇಡವೋ ಎಂಬುದರ ಬಗ್ಗೆ. ತೃತೀಯ ಭಾಷೆ ಕಡ್ಡಾಯವಲ್ಲ ಎಂದಾದರೆ ಪ್ರತಿ ಪ್ರೌಢಶಾಲೆಯಲ್ಲಿ ವಾರಕ್ಕೆ ಹಲವು ಅವಧಿಗಳೂ 625ರಲ್ಲಿ 100 ಅಂಕದ ಜಾಗವೂ ತೆರವಾಗುತ್ತವೆ ಎಂಬ ಸಂಗತಿಗೆ ಸಿಕ್ಕ ಗಮನ ತೀರ ಕಡಿಮೆ. ವೃತ್ತಿ ವಿಷಯಗಳು ಈಗಾಗಲೇ ಅದೇ ಜಾಗದಲ್ಲಿ ಕುಳಿತಿರುವುದರಿಂದ ಆಡಳಿತಾತ್ಮಕವಾಗಿಯೂ ದಾರಿ ಇದೆ. ಹಿಂದಿ ಶಿಕ್ಷಕರ ಕೆಲಸಕ್ಕೆ ಕುತ್ತು ಬರದಂತೆ, ಬೇಕೆಂದವರಿಗೆ ತುಳು, ಕೊಂಕಣಿ, ಹಿಂದಿ ಕಲಿಯುವ ಅವಕಾಶ ಉಳಿಸಿಕೊಂಡು, ಉಳಿದ ಸಮಯವನ್ನು ಕಲೆಗೂ ಕೈಕೆಲಸಕ್ಕೂ ಮೀಸಲಿಡುವುದಾದರೆ ಅದನ್ನು ಭಾಷಾ ನೀತಿಯ ಆದೇಶದಲ್ಲಿಯೇ ಬರೆಯಬೇಕು. ಎಂಟನೆಯ ತರಗತಿಯಿಂದ ಆರಂಭಿಸಿದರೆ ಆ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ ಮೂರು ಶೈಕ್ಷಣಿಕ ವರ್ಷ ಸಿಗುತ್ತದೆ; ಚಿತ್ರಕಲೆ, ಸಂಗೀತ, ನಾಟಕ, ವೃತ್ತಿ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಲು, ಸ್ಥಳೀಯ ಕುಶಲಕರ್ಮಿಗಳ ಸಂಭಾವನೆಯ ನಿಯಮ ರೂಪಿಸಲು, ಪರೀಕ್ಷಕರನ್ನು ತಯಾರು ಮಾಡಲು ಅಷ್ಟು ಕಾಲ ಬೇಕೇ ಬೇಕು.